ಸೊಸೆಯಾಗಬೇಕಿದ್ದ ಕೂಸಿಗೆ ಎದೆಹಾಲು

ಹತ್ತನೆಯ ದಿನ ಕೂಸು ಅಳುವುದನ್ನು ನಿಲ್ಲಿಸಿತು.

ಹೊಟ್ಟೆ ತುಂಬಿ ಮಲಗಿದೆ ಎಂದುಕೊಂಡೆವು. ಸಂಜೆ ಅರಿವೆ ಬಿಚ್ಚಿ ನೋಡಿದರೆ ಕಣ್ಣು ಒಳಗೆ ಹೋಗಿದ್ದವು, ನೆತ್ತಿ ಕುಸಿದಿತ್ತು. ಬೆಳಗಿನಿಂದ ಉಚ್ಚೆ ಹೊಯ್ದಿರಲಿಲ್ಲ.

ಅದು ನನ್ನ ಅಣ್ಣನ ಮಗಳು. ಹೆತ್ತ ವೈನಿ ಮೂರನೆಯ ದಿನವೇ ಜ್ವರ ಏರಿ ತೀರಿಕೊಂಡಿದ್ದಳು. ಮಣ್ಣಿಗೆ ಬಂದ ನಾನು ತವರಿನಲ್ಲೇ ಉಳಿದೆ. ಅವ್ವ ಆಕಳ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದಳು. ಕುಡಿದದ್ದೆಲ್ಲ ಭೇದಿಯಾಗಿ ಹೋಗುತ್ತಿತ್ತು. ನನ್ನ ಮಡಿಲಲ್ಲಿ ಎಂಟು ತಿಂಗಳ ಮಗನಿದ್ದ. ಕೂಸು ಅತ್ತಾಗಲೆಲ್ಲ ನನ್ನ ರವಿಕೆ ನೆನೆಯುತ್ತಿತ್ತು.

ಆದರೂ ನಾನು ಎದೆ ಕೊಡಲಿಲ್ಲ.

ಬಸುರಿ ವೈನಿಯ ಕುಬಸದ ದಿನ ನಾವಿಬ್ಬರೂ ನಗುತ್ತ ಒಂದು ಮಾತಾಡಿಕೊಂಡಿದ್ದೆವು. ಹೆಣ್ಣು ಹುಟ್ಟಿದರೆ ನನ್ನ ಮಗನಿಗೆ. ಅವಳು ಹೋದ ಮೇಲೆ ಅವ್ವನಿಗೆ ಅದು ಆಣೆಯಂತಾಯಿತು. "ಒಂದ ಎದಿ ಹಾಲು ಕುಡಿದ್ರ ಅಣ್ಣ-ತಂಗಿ ಆಕ್ಕಾವ. ಸತ್ತಾಕಿ ಮಾತು ಮುರೀಬ್ಯಾಡ" ಎಂದಳು. ವೈನಿಯದೆಂದು ಉಳಿದದ್ದು ಆ ಮಾತೊಂದೇ ಎಂದು ನನಗೂ ಅನಿಸಿತ್ತು.

ಕೊಪ್ಪಳದ ಆಸ್ಪತ್ರೆಯಲ್ಲಿ ಕೂಸನ್ನು ಐಸಿಯುಗೆ ಹಾಕಿ ಡ್ರಿಪ್ ಹಚ್ಚಿದರು. ತೂಕ ಒಂದು ಕಿಲೋ ಎಂಟುನೂರು. "ಮನೆಯಲ್ಲಿ ಹಾಲುಣಿಸುವವರು ಯಾರಾದರೂ ಇದ್ದಾರಾ?" ಎಂದು ಡಾಕ್ಟರ್ ಕೇಳಿದರು. ನರ್ಸ್ ನನ್ನ ಒದ್ದೆ ರವಿಕೆಯನ್ನೇ ನೋಡಿದರು. ಅವ್ವ ಲಗ್ನದ ಮಾತು ಹೇಳಿದಳು.

"ಎರಡು ಕಿಲೋ ಇಲ್ಲದ ಕೂಸಿಗೆ ಈಗ್ಲೇ ಗಂಡು ಗೊತ್ತು ಮಾಡೀರೇನ್ರಿ ಯವ್ವಾ? ಮೊದ್ಲ ಉಳಿಸ್ಕೋರಿ. ಗಂಡು ಊರ ತುಂಬ ಸಿಗ್ತಾವ" ಎಂದರು ನರ್ಸ್.

ವೈನಿ ಹೋದಾಗಿನಿಂದ ಬಾಯಿ ಬಿಡದಿದ್ದ ಅಣ್ಣ ನನ್ನ ಕಡೆ ತಿರುಗಿದ. "ತಂಗೀ, ನಂಗ ಬೀಗತನ ಬ್ಯಾಡ. ಮಗಳು ಬೇಕು."

ನಾನು ಹೂಂ ಅಂದೆ.

ನನ್ನ ರಕ್ತ ಪರೀಕ್ಷೆ ಮಾಡಿ, ಅಡ್ಡಿಯಿಲ್ಲ ಎಂದರು. ಕೂಸಿಗೆ ಚೀಪಲು ಶಕ್ತಿಯಿರಲಿಲ್ಲ. ನಾನು ಹಿಂಡಿಕೊಟ್ಟ ಹಾಲನ್ನು ನರ್ಸ್ ಮೂಗಿನ ನಳಿಕೆಯಲ್ಲಿ ಬಿಟ್ಟರು. ಅವ್ವ ನನ್ನ ಜೊತೆ ಮಾತು ಬಿಟ್ಟಳು, ಆದರೆ ಹೊತ್ತಿಗೆ ಸರಿಯಾಗಿ ರೊಟ್ಟಿ, ಬೆಳ್ಳುಳ್ಳಿ ಸಾರು ತಂದಿಡುತ್ತಿದ್ದಳು. ಐದನೆಯ ದಿನ ಕೂಸು ತಾನೇ ಬಾಯಿ ಹಚ್ಚಿತು. ಆ ಎಳೆತಕ್ಕೆ ನೋವಾಯಿತು. ವೈನಿ ಹೋದ ಮೇಲೆ ನಾನು ಬಿಕ್ಕಿ ಅತ್ತದ್ದು ಆಗಲೇ.

ಈಗ ಅವಳಿಗೆ ಐದು ತಿಂಗಳು, ಐದು ಕಿಲೋ ದಾಟಿದ್ದಾಳೆ. ಇಬ್ಬರಿಗೆ ಉಣಿಸುವ ಮೈಗೆ ಸದಾ ಹಸಿವು, ಬೆನ್ನು ನೋವು. ಆದರೆ ಹಾಲು ಒಮ್ಮೆಯೂ ಸಾಲದೆ ಹೋಗಿಲ್ಲ. ಇವಳು ಬದುಕುತ್ತಾಳೆ ಎಂದು ಧೈರ್ಯವಾಗಿ ಹೇಳಬಲ್ಲೆ. ನಾನು ಮಾತು ಮುರಿದದ್ದು ನಿಜ. ನನ್ನ ಜಾಗದಲ್ಲಿ ವೈನಿ ಇದ್ದಿದ್ದರೆ ಮೊದಲ ದಿನವೇ ಮುರಿಯುತ್ತಿದ್ದಳು.

ಮೊನ್ನೆ ನಾಗರ ಪಂಚಮಿ. ಸಾವಿನ ಮನೆಯೆಂದು ಉಂಡಿ ಕಟ್ಟಲಿಲ್ಲ, ಹಾಲೆರೆಯುವುದನ್ನು ಮಾತ್ರ ಬಿಡಲಿಲ್ಲ. ಎರೆಯುವಾಗ ಮನೆಯ ಒಬ್ಬೊಬ್ಬರ ಪಾಲು ಹೇಳುವುದು ನಮ್ಮಲ್ಲಿ ರೂಢಿ. ಅವ್ವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಟ್ಟ ಕೈ ಹಿಡಿದು ಎರೆಸಿದಳು. "ಅಪ್ಪನ ಪಾಲು" ಎಂದಳು. "ಅವ್ವನ ಪಾಲು" ಎಂದು ಎರಡು ಸಲ ಎರೆಸಿದಳು. ಆಮೇಲೆ ನನ್ನ ಮಗನನ್ನು ಹತ್ತಿರ ಎಳೆದುಕೊಂಡಳು.

"ಅಣ್ಣನ ಪಾಲು."