ಕುಂಕುಮ ಮುಚ್ಚಿದ ಹೆಬ್ಬೆಟ್ಟು

ಆಗಿನ್ನೂ ನಿಜಾಮರ ಆಳ್ವಿಕೆ. ಅಪ್ಪ ತೀರಿಕೊಂಡು ಏಳು ವರ್ಷವಾಗಿತ್ತು, ನನಗೆ ಹೊಸದಾಗಿ ಮದುವೆಯಾಗಿತ್ತು. ಕಮಲಾಪುರದ ನಮ್ಮ ಕೆಂಪು ಬಾಳೆಯ ತೋಟಕ್ಕೆ ಇದ್ದದ್ದು ಒಂದೇ ಬಾವಿ. ಅದರಲ್ಲಿ ತನಗೂ ಪಾಲಿದೆ ಎಂದು ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಮಕ್ಕಳ ಮಾತು ಕೇಳಿ ಕಲಬುರ್ಗಿಯ ಅದಾಲತ್ತಿನಲ್ಲಿ ದಾವೆ ಹಾಕಿದ. ಬಾವಿಯಲ್ಲಿ ಪಾಲು ಹೋದರೆ ತೋಟ ಒಣಗುವುದು ಖಂಡಿತ.

ಆದರೂ ನನಗೆ ಧೈರ್ಯವಿತ್ತು. ಬಾವಿ ಪೂರ್ತಿ ಅಪ್ಪನದೇ ಎಂದು ಬರೆದ ಪಾಲುಪತ್ರ ನಮ್ಮ ಹತ್ತಿರವಿತ್ತು. ಅಣ್ಣತಮ್ಮ ಇಬ್ಬರೂ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ್ದರು. ಅವ್ವ ಅದನ್ನು ಪೂಜೆಯ ಜಗಲಿಯ ಮೇಲೆ, ದೇವರ ಹತ್ತಿರವೇ ಇಟ್ಟಿದ್ದಳು. ಪ್ರತಿ ದೀಪಾವಳಿಗೆ ನನ್ನ ಕೈಯಿಂದ ಅಪ್ಪನ ಹೆಬ್ಬೆಟ್ಟಿನ ಗುರುತಿಗೆ ವಿಭೂತಿ, ಅರಿಶಿನ, ಕುಂಕುಮ ಹಚ್ಚಿಸುತ್ತಿದ್ದಳು.

ವಿಚಾರಣೆಯ ದಿನ ಮುನ್ಸೀಫರು ಕಾಗದ ಬಿಡಿಸಿ ನೋಡಿ ವಾಪಸು ಕೊಟ್ಟರು. ವರ್ಷವರ್ಷ ಹಚ್ಚಿದ ಕುಂಕುಮ ಹರಡಿ ಕಾಕಾನ ಗುರುತನ್ನೂ ಮುಚ್ಚಿತ್ತು; ಕೆಳಗೆ ಗಟ್ಟಿಯಾದ ಕೆಂಪು ಪದರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಯಾರು ಒತ್ತಿದ್ದೆಂದು ತಿಳಿಯದ ಕಾಗದವನ್ನು ಪುರಾವೆಯಾಗಿ ತೆಗೆದುಕೊಳ್ಳಲಾಗದು ಎಂದರು. ದೇವರೆಂದು ಪೂಜಿಸಿದ್ದೇ ನಮಗೆ ಮುಳುವಾಗಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ವಕೀಲರು ಹೇಳಿದರು: "ಬರೆದವ್ರೂ ಸಾಕ್ಷಿ ಹಾಕಿದವ್ರೂ ಸತ್ತಾರ. ಒತ್ತಿದ್ದು ಕಣ್ಣಾರೆ ಕಂಡವ್ರು ಯಾರರೆ ಬಂದು ಹೇಳಿದ್ರ ಕಾಗದ ತಗೋತಾರ."

ಕಾಕಾನ ಹೊರತು ಅಂಥವರು ಯಾರೂ ಬದುಕಿರಲಿಲ್ಲ. ನಾನು ಬೀದಿಗೆ ಹೋಗಿ, ಪರಿಚಯದ ಒಬ್ಬ ಗಾಡಿಯವನನ್ನು ಪುಸಲಾಯಿಸಿ ಕರೆತಂದು ಬಾಗಿಲ ಹೊರಗೆ ನಿಲ್ಲಿಸಿದೆ. "ನಾ ಅಲ್ಲೇ ಇದ್ದೆ, ಕಂಡೀನಿ ಅಂತ ಹೇಳು," ಎಂದೆ. ನಿಜವಾದ ಕಾಗದ ನಡೆಯದ ಜಾಗದಲ್ಲಿ ಈ ಸುಳ್ಳು ನಡೆಯುತ್ತಿತ್ತು.

ಒಳಗೆ ಮುನ್ಸೀಫರು ಮೊದಲು ಕಾಕಾನನ್ನೇ ಪ್ರಮಾಣ ಮಾಡಿಸಿ, ಇದಕ್ಕೆ ನೀನು ಹೆಬ್ಬೆಟ್ಟು ಒತ್ತಿದ್ದೀಯಾ ಎಂದು ಕೇಳಿದರು. ಅವನ ವಕೀಲರು ಕೆಮ್ಮಿದರು. ಕಾಕಾ ನನ್ನ ಪಕ್ಕ ಕುಳಿತಿದ್ದ ಅವ್ವನ ಮುಖ ನೋಡಿದ.

"ಒತ್ತೀನ್ರಿ. ಬಾವಿ ಅಣ್ಣಗ ಬಿಟ್ಟಿದ್ದು ಖರೇ ಅದ."

ಎದುರಾಳಿಯೇ ಒಪ್ಪಿದ ಮೇಲೆ ಬೇರೆ ಸಾಕ್ಷಿ ಬೇಡವೆಂದು ಮುನ್ಸೀಫರು ಅವನ ಮಾತನ್ನು ಬರೆಸಿಕೊಂಡರು. ಬಾವಿ ನಮಗೆ ಉಳಿಯಿತು.

ಹೊರಗೆ ಬಂದಾಗ ಕಾಕಾ ನನ್ನ ಪಕ್ಕದಲ್ಲೇ ಇದ್ದ. ಅಷ್ಟರಲ್ಲಿ ಆ ಗಾಡಿಯವನು ಎದುರು ಬಂದು ಕೇಳಿಯೇ ಬಿಟ್ಟ: "ಹೆಬ್ಬೆಟ್ಟು ಒತ್ತಿದ್ದು ಕಂಡೀನಂತ ನಾ ಯಾವಾಗ ಹೇಳಬೇಕ್ರಿ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಗಾಡಿಯವನನ್ನು ನೋಡಿ, ನನ್ನ ಕಡೆ ತಿರುಗಿದ. ಅವ್ವ ಹಿಂದಿನಿಂದ ನಿಧಾನವಾಗಿ ಮೆಟ್ಟಿಲಿಳಿಯುತ್ತಿದ್ದಳು.

"ವೈನಿಗೆ ಇದು ಗೊತ್ತಾಗೂದು ಬ್ಯಾಡ," ಎಂದು ತನ್ನ ಅತ್ತಿಗೆಯತ್ತ ನೋಡುತ್ತ ಮೆಲ್ಲಗೆ ಹೇಳಿ ಅವನು ಮುಂದೆ ನಡೆದ.

ಸಾಯುವವರೆಗೂ ಅವನು ಯಾರಿಗೂ ಹೇಳಲಿಲ್ಲ. ಈಗ ಅವ್ವನೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂದು ನಾನು ಗೆದ್ದೆ ಎಂದು ಊರವರು ಹೇಳಿದಾಗಲೆಲ್ಲ ನಾನು ತಲೆ ತಗ್ಗಿಸಿದ್ದೇನೆ.