ಬಟ್ಟಲಲ್ಲಿ ನಿಂತ ಕಂಪನಮಾಪಕ

ಹೊಂಗನೂರಿನಲ್ಲಿ ಸೋದರತ್ತೆಯ ರೇಷ್ಮೆಹುಳು ಮನೆಯ ಮೂಲೆಯಲ್ಲಿ ನಾನೊಂದು ಕಂಪನಮಾಪಕ ಇಟ್ಟಿದ್ದೆ. ಅಲ್ಲಿ ಬಂಡೆಯ ಮೇಲೇ ಸಿಮೆಂಟು ನೆಲ. ನನ್ನ ಸಂಶೋಧನೆಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿರಲಿಲ್ಲ. ಏಳು ತಿಂಗಳು ಅದು ಬರೆದದ್ದು ಕಲ್ಲುಕ್ವಾರಿಯ ಸಿಡಿತ, ಟ್ರ್ಯಾಕ್ಟರು, ಅತ್ತೆಯ ಹೆಜ್ಜೆ. ಭೂಕಂಪ ಒಂದೂ ಇಲ್ಲ.

ಒಂದು ಬೆಳಿಗ್ಗೆ ಅತ್ತೆಯ ಫೋನ್ ಬಂತು.

"ನೆಲ ಗುಡುಗ್ತು ಕಣವ್ವಾ! ಅಟ್ಟದ ಪಾತ್ರೆಗಳೆಲ್ಲ ಒಂದಕ್ಕೊಂದು ತಾಕ್ಕೊಂಡ್ವು. ನಿನ್ ಮಿಷಿನ್‌ಗೆ ಗೊತ್ತಾಯ್ತೋ ಇಲ್ವೋ?"

ಬೆಂಗಳೂರಿನಿಂದ ರೈಲು ಹಿಡಿದೆ. ಚನ್ನಪಟ್ಟಣದಲ್ಲಿ ಇಳಿದು ಬಸ್ಸಿಗೆ ಓಡಿದೆ. ಓಡುವ ಅಭ್ಯಾಸ ನನಗಿಲ್ಲ.

ಕಾಲು ತೊಳೆದು ಒಳಗೆ ಹೊರಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಮಾಪಕದ ಮೂರು ಕಾಲುಗಳೂ ನೀರು ತುಂಬಿದ ಮೂರು ಸ್ಟೀಲ್ ಬಟ್ಟಲುಗಳಲ್ಲಿದ್ದವು. ಪಕ್ಕದ ಹುಳುತಟ್ಟೆಗಳ ಸ್ಟ್ಯಾಂಡಿನ ಕಾಲುಗಳೂ ಹಾಗೆಯೇ.

"ಅತ್ತೆ, ಇದೇನು?"

"ಇರುವೆ ಹತ್ತದಂಗೆ ಮೊನ್ನೇನೇ ಮಡಗಿವ್ನಿ. ಹುಳ ನಾಕನೇ ಸಲ ಪೊರೆ ಬುಟ್ಟವೆ, ಈಗ ಇರುವೆ ಬಂದ್ರೆ ಆಯ್ತದಾ? ಗುಳ್ಳೆ ನೋಡು, ಉಂಗುರದೊಳಗೇ ಐತೆ. ನೀನು ಕಾಲಿನ ತಿರುಪು ತಿರುಗಿಸ್ದಂಗೇ ತಿರುಗಿಸಿ ಕೂರ್ಸಿವ್ನಿ."

ಮಟ್ಟ ತೋರಿಸುವ ಗುಳ್ಳೆ ನಿಜಕ್ಕೂ ನಡುವೆಯೇ ಇತ್ತು. ಲ್ಯಾಪ್‌ಟಾಪ್ ತೆರೆದೆ. ಮಾಪಕಕ್ಕೆ ತಂತಿ ಜೋಡಿಸಿದೆ.

ಅಲ್ಲಿತ್ತು. ಮೊದಲು ಸಣ್ಣ, ಚೂಪಾದ ಅಲೆ. ಎರಡು ಸೆಕೆಂಡಿನ ಬಳಿಕ ಅದರ ಮೂರರಷ್ಟು ಎತ್ತರದ ಇನ್ನೊಂದು. ಕ್ವಾರಿ ಸಿಡಿತದಲ್ಲಿ ಎರಡನೆಯದು ಹೀಗೆ ಎದ್ದು ಬರುವುದಿಲ್ಲ. ಇದು ಭೂಕಂಪವೇ! ಎರಡು ಸೆಕೆಂಡಿನ ಅಂತರವೆಂದರೆ ಸುಮಾರು ಹದಿನಾರು ಕಿಲೋಮೀಟರು ದೂರ. ಬಲ ತಿಳಿಯಲು ಅಲೆಯ ಎತ್ತರವೂ ಬೇಕು. ಬಟ್ಟಲು ತಾನೂ ಅಲುಗಿದ್ದರೆ ಅದರಲ್ಲಿ ನಿಂತ ಮಾಪಕ ಹೇಳಿದ ಎತ್ತರವನ್ನು ನಂಬುವುದು ಹೇಗೆ? ನಂಬಲಾಗದಿದ್ದರೆ ನನ್ನ ಮೊದಲ ಭೂಕಂಪವನ್ನು ಅಳೆಯಲಾಗದೆ ಬಿಡಬೇಕು.

"ಅತ್ತೆ, ಗುಂಡುಕಲ್ಲು ಇದೆಯಾ?"

ಹೊಸಿಲ ಬಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅತ್ತೆ ಮೊಣಕಾಲೆತ್ತರದಿಂದ ಅದರ ಮೇಲೆ ಕಲ್ಲು ಬಿಟ್ಟರು. ಮಾಪಕ ಬಟ್ಟಲಲ್ಲಿದ್ದಾಗ ಹತ್ತು ಸಲ; ಅದನ್ನು ನೆಲಕ್ಕಿಳಿಸಿ, ಮಟ್ಟ ಮಾಡಿ, ಮತ್ತೆ ಹತ್ತು ಸಲ.

"ಅಲ್ಲ ಕಣವ್ವಾ, ನಿನ್ನ ಎಂಎಸ್ಸಿ ಓದ್ಸಿದ್ದು ನನ್ ಕೈಲಿ ಕಲ್ಲು ಎತ್ತಾಕ್ಸೋಕಾ?"

"ಇನ್ನೊಂದೇ ಸಲ."

"ಆಗ್ಲೂ ಇದ್ನೇ ಅಂದೆ."

ಎರಡೂ ಸಾಲಿನ ಅಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಒಂದೇ ಎತ್ತರ! ಆ ದಪ್ಪ ತಳದ ಬಟ್ಟಲುಗಳು ನೆಲವನ್ನು ಕಚ್ಚಿಕೊಂಡೇ ನಿಂತಿದ್ದವು. ನಾನು ಕೂಗಿಬಿಟ್ಟೆ. ಹುಳುಗಳಿಗೆ ಸದ್ದಾಗದೆಂದು ಹುಳುಮನೆಯಲ್ಲಿ ಯಾರೂ ಕೂಗುವುದಿಲ್ಲ.

ಲೆಕ್ಕ ಮುಗಿಸಿ, ಎರಡು ಸಲ ತಾಳೆ ನೋಡಿ, "ಬಲ ಎರಡೂವರೆ" ಎಂದೆ.

"ಅಷ್ಟೇನಾ! ನನ್ ಪಾತ್ರೆ ಸದ್ದು ಕೇಳಿದ್ರೆ ಹತ್ತು ಕೊಡ್ತಿದ್ದೆ."

ಅತ್ತೆ ಬಟ್ಟಲುಗಳನ್ನು ತೊಳೆದಿಟ್ಟು, ಇರುವೆಗೆ ಹಾಕುವ ಚಾಕ್‌ಪೀಸಿನಿಂದ ಮಾಪಕದ ಸುತ್ತ ಒಂದು ಗೆರೆ ಎಳೆದರು. ಆಮೇಲೆ ಬಗ್ಗಿ ಗುಳ್ಳೆಯನ್ನೇ ದಿಟ್ಟಿಸಿದರು.

"ಒಸಿ ಎಡಕ್ಕೈತೆ."

ನಾನೂ ಬಗ್ಗಿ ನೋಡಿದೆ. ಹೌದು, ಕೂದಲೆಳೆಯಷ್ಟು ಎಡಕ್ಕಿತ್ತು. ಪಕ್ಕಕ್ಕೆ ಸರಿದು ಅತ್ತೆಗೆ ಜಾಗ ಬಿಟ್ಟೆ.