ಕೀರ್ತಿರಾಜರ ವೇಳಾಪಟ್ಟಿ ಮತ್ತು 1914ರ ರೈಲುಗಳು

ಕಳೆದ ತಿಂಗಳು ಕೌಲಾಲಂಪುರದ ನಮ್ಮ ಕನ್ನಡ ಸಂಘದ ವಾರ್ತಾಪತ್ರದಲ್ಲಿ ಶ್ರೀ ಕೀರ್ತಿರಾಜರ ನಿವೃತ್ತಿಯ ಬಗ್ಗೆ ನಾಲ್ಕು ಸಾಲು ಅಚ್ಚಾಗಿತ್ತು. ನಾಲ್ಕು ಸಾಲಿನಲ್ಲಿ ಮೂರು ತಪ್ಪು. ಅವರು ‘ಬಸ್ ಚಾಲಕರಾಗಿ’ ಸೇವೆ ಸಲ್ಲಿಸಿದವರಲ್ಲ. ಅವರ ಊರು ಮಂಗಳೂರಲ್ಲ. ಸಂಘದಲ್ಲಿ ಅವರು ಕೊಟ್ಟ ಉಪನ್ಯಾಸ ಎರಡನೆಯ ಮಹಾಯುದ್ಧದ ಬಗ್ಗೆ ಅಲ್ಲ, ಒಂದನೆಯದರ ಬಗ್ಗೆ. ಮೂವತ್ತೊಂದು ವರ್ಷ ಪತ್ರಾಗಾರ ಇಲಾಖೆಯಲ್ಲಿ ದುಡಿದು, ಪಿಂಚಣಿ ಪಡೆಯುತ್ತ ಇಲ್ಲಿ ಮಗಳ ಜೊತೆಗಿರುವ ನಾನು ಇಂಥದ್ದನ್ನು ಓದಿ ಸುಮ್ಮನಿರಲಾರೆ. ಸಂಪಾದಕರಿಗೆ ಬರೆದೆ. ಸ್ಥಳಾವಕಾಶವಾದರೆ ತಿದ್ದುಪಡಿ ಹಾಕುತ್ತೇವೆ ಎಂಬ ಉತ್ತರ ಬಂತು. ಒಬ್ಬ ಮನುಷ್ಯನ ಮೂವತ್ತು ವರ್ಷಕ್ಕೆ ಇವರಲ್ಲಿ ಸ್ಥಳವಿಲ್ಲ. ಆದ್ದರಿಂದ ಇದನ್ನು ನಾನೇ ಬರೆಯಬೇಕಾಯಿತು.

ಕೀರ್ತಿರಾಜರು ಹುಟ್ಟಿದ್ದು 1964ರಲ್ಲಿ, ಮೂಡುಬಿದಿರೆಯ ಜೈನ ಕುಟುಂಬದಲ್ಲಿ. ತಂದೆ ಅಲ್ಲಿಯ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಕರಾವಳಿಯನ್ನು ಬಲ್ಲವರಿಗೆ ಆ ಹುದ್ದೆಯ ಗೌರವ ಗೊತ್ತು. ಎರಡು ಕಂಪನಿಗಳ ಬಸ್ಸುಗಳ ನಡುವೆ ಮೂರು ನಿಮಿಷದ ಅಂತರವಿದ್ದರೆ ಆ ಮೂರು ನಿಮಿಷಕ್ಕೆ ಅವನೇ ಕಾವಲು. ಅವನು ಸೀಟಿ ಊದದೆ ಬಸ್ಸು ಹೊರಡುವಂತಿಲ್ಲ, ಊದಿದ ಮೇಲೆ ನಿಲ್ಲುವಂತಿಲ್ಲ. 1995ರಲ್ಲಿ ಕೌಲಾಲಂಪುರಕ್ಕೆ ಬಂದ ಮಗ ಇಲ್ಲಿನ ಒಂದು ಖಾಸಗಿ ಬಸ್ ಸಂಸ್ಥೆಯಲ್ಲಿ ಗುಮಾಸ್ತರಾಗಿ ಸೇರಿ, ಹತ್ತು ವರ್ಷದೊಳಗೆ ವೇಳಾಪಟ್ಟಿ ವಿಭಾಗದ ಮುಖ್ಯಸ್ಥರಾದರು. ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು, ಯಾವ ಚಾಲಕ ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತಿದ್ದವರು ಅವರು. ಬಸ್ಸು ಓಡಿಸಿದ್ದು ಒಂದು ದಿನವೂ ಇಲ್ಲ.

ಅವರಿಗೆ ಯುದ್ಧದ ಇತಿಹಾಸದ ಗೀಳು ಹತ್ತಿದ್ದು ಇಲ್ಲಿಯ ಭಾರತೀಯರ ಬಡಾವಣೆಯಾದ ಬ್ರಿಕ್‌ಫೀಲ್ಡ್ಸ್‌ನ ಒಂದು ಕ್ಷೌರದಂಗಡಿಯಲ್ಲಿ. ಸರದಿ ಕಾಯುತ್ತ ಹಳೆಯ ಪತ್ರಿಕೆಯೊಂದನ್ನು ಮಗುಚುತ್ತಿದ್ದಾಗ ಒಂದು ವಾಕ್ಯ ಕಣ್ಣಿಗೆ ಬಿತ್ತು: 1914ರ ಆಗಸ್ಟ್‌ನಲ್ಲಿ ಕಲೋನ್ ನಗರದ ಸೇತುವೆಯೊಂದರ ಮೇಲೆ, ಎರಡು ವಾರಕ್ಕೂ ಹೆಚ್ಚು ಕಾಲ, ಸರಿಸುಮಾರು ಹತ್ತು ನಿಮಿಷಕ್ಕೊಂದರಂತೆ ಜರ್ಮನ್ ಸೈನ್ಯದ ರೈಲುಗಳು ರೈನ್ ನದಿಯನ್ನು ದಾಟಿದವು. ಓದಿದವರು ಕ್ಷೌರ ಮಾಡಿಸಿಕೊಳ್ಳುವುದನ್ನೂ ಮರೆತು ಎದ್ದುಬಂದರಂತೆ.

“ಕಂಪ್ಯೂಟರ್ ಇಲ್ಲ, ಎಂತದೂ ಇಲ್ಲ ಮಾರಾಯ್ರೆ,” ಎಂದು ನನಗೆ ಹೇಳಿದ್ದರು. “ನಮಗೆ ನಲ್ವತ್ತು ಬಸ್ಸು ಸುಧಾರಿಸ್ಲಿಕ್ಕೆ ಬೆವರು ಬರ್ತದೆ. ಆ ಜನ ಹನ್ನೊಂದು ಸಾವಿರ ರೈಲು ಹೇಗೆ ಓಡಿಸಿದ್ರು?”

ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಅವರು ಓದಿದ್ದು ಅದೊಂದನ್ನೇ. ಪುಚೊಂಗ್‌ನ ಅವರ ಮನೆಯ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರುತ್ತಿರಲಿಲ್ಲ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಊರುಗಳು, ನಡುವೆ ರೈಲಿಗೊಂದು ಓರೆ ಗೆರೆ ಎಳೆದ ದೊಡ್ಡ ಹಾಳೆಗಳು ಅಲ್ಲಿ ಹರಡಿರುತ್ತಿದ್ದವು. ನಮ್ಮ ಪರಿಚಯವಾದದ್ದು 2019ರಲ್ಲಿ, ನಮ್ಮ ಕಾಂಡೊ ಕಟ್ಟಡದ ಎದುರಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುವಾಗ. ಪಕ್ಕದ ಮೇಜಿನಲ್ಲಿ ಯಾರೋ ಅಚ್ಚ ಕನ್ನಡದಲ್ಲಿ ರಷ್ಯದ ಚಕ್ರವರ್ತಿಯನ್ನು ಬೈಯುತ್ತಿದ್ದರು. ಅವರು ಹೇಳಿದ ತಾರೀಖು ಒಂದು ದಿನ ತಪ್ಪಿತ್ತು. ತಿದ್ದಿದೆ. ಅವರು ಕುರ್ಚಿಯನ್ನೆಳೆದುಕೊಂಡು ನನ್ನ ಮೇಜಿಗೇ ಬಂದರು.

ಈಗ ನನ್ನ ಹೆಂಡತಿ ಕಾಂತಮ್ಮನ ವಿಷಯ ಹೇಳಬೇಕು. ಅವಳಿಗೆ ಎಪ್ಪತ್ತೊಂದು ವರ್ಷ. ಮೂತ್ರಪಿಂಡಗಳು ಸೋತು ಮೂರು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರೂ ಮುಕ್ಕಾಲಕ್ಕೆ ಅವಳು ಡಯಾಲಿಸಿಸ್ ಕೇಂದ್ರದ ಕುರ್ಚಿಯಲ್ಲಿ ಕುಳಿತಿರಬೇಕು. ಮೂರು ತಿಂಗಳ ಅವಧಿಯಲ್ಲಿ ಮೂರು ಸಲ ತಡವಾದರೆ ಆ ಪಾಳಿ ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ. ಉಳಿಯುವುದು ಕೊನೆಯ ಪಾಳಿ, ಮುಗಿಯುವಾಗ ರಾತ್ರಿ ಹತ್ತೂವರೆ. ಡಯಾಲಿಸಿಸ್ ಮುಗಿದ ಮೇಲೆ ಎರಡು ಗಂಟೆ ತಲೆಯೆತ್ತಲಾಗದ ಅವಳಿಗೆ ಅದು ಆಗುವ ಮಾತಲ್ಲ. ಮಗಳು ಅನನ್ಯಳಿಗೆ ಬೆಳಗಿನ ಪಾಳಿಯ ಕೆಲಸ, ಐದಕ್ಕೇ ಸೈಬರ್‌ಜಯಕ್ಕೆ ಹೊರಟಿರುತ್ತಾಳೆ. ನನ್ನ ಮಂಡಿ ಬಸ್ಸಿನ ಮೆಟ್ಟಿಲನ್ನು ಒಪ್ಪುವುದಿಲ್ಲ. ಕಾಂತಮ್ಮ ಒಬ್ಬಳೇ ಐದು ಐವತ್ತರ ಬಸ್ಸಿನಲ್ಲಿ ಹೋಗುತ್ತಿದ್ದಳು, ಹಾಗೆ ಹೋಗುವುದೇ ಅವಳಿಗಿಷ್ಟ.

“ಸೂಜಿ ಚುಚ್ಚಿಸ್ಕೊಳ್ಳೋಳು ನಾನು,” ಎನ್ನುತ್ತಿದ್ದಳು. “ಹೋಗೋ ದಾರಿಯಾದ್ರೂ ನಂದಾಗಿರ್ಲಿ ಬಿಡಿ.”

2025ರ ಜುಲೈ ಇಪ್ಪತ್ತೊಂದು, ಸೋಮವಾರ, ಹೊಸ ವೇಳಾಪಟ್ಟಿ ಜಾರಿಗೆ ಬಂತು. ಐದು ಐವತ್ತರ ಬಸ್ಸು ಇಲ್ಲ. ಮೊದಲ ಬಸ್ಸೇ ಆರು ಇಪ್ಪತ್ತಕ್ಕೆ. ಕಾರ್ಖಾನೆಗಳ ಕಡೆಗೆ ಹೊಸ ಮಾರ್ಗವೊಂದು ಶುರುವಾಗಿತ್ತು, ನಮ್ಮ ಬಸ್ಸನ್ನು ಅಲ್ಲಿಗೆ ಕೊಟ್ಟಿದ್ದರು. ಕಾಂತಮ್ಮ ಕೇಂದ್ರ ತಲುಪಿದಾಗ ಏಳಕ್ಕೆ ಐದು ನಿಮಿಷ. ಮೊದಲನೆಯ ತಡ ದಾಖಲಾಯಿತು. ವೇಳಾಪಟ್ಟಿಯ ಕೆಳಗಿದ್ದ ಸಹಿ ಕೀರ್ತಿರಾಜರದು.

ಅಂದು ಸಂಜೆಯೇ ಫೋನು ಮಾಡಿದೆ.

“ನನಗೆ ಗೊತ್ತಾಗ್ತದೆ ರಾಯರೇ,” ಎಂದರು. “ಆದ್ರೆ ಆಗೂದಿಲ್ಲ. ಒಂದು ಬಸ್ಸು ಅರ್ಧ ಗಂಟೆ ಮುಂದೆ ತಂದ್ರೆ ಅದರ ಹಿಂದೆ ಹದಿನಾಲ್ಕು ಬಸ್ಸು ಅಲ್ಲಾಡ್ತದೆ. ಚಾಲಕರ ವಿಶ್ರಾಂತಿ, ಡಿಪೊ, ಎಲ್ಲ ಕಟ್ಟಿದ್ದು. ಬೇಕಾದ್ರೆ ಕಾಂತಕ್ಕನನ್ನ ನಾನೇ ಕಾರಲ್ಲಿ ಬಿಡ್ತೇನೆ.”

ಕಾಂತಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡಳು. “ನಿನ್ ಕಾರು ನನಗ್ಯಾಕಪ್ಪಾ? ನೀನು ರಜಾ ಹಾಕಿದ್ ದಿನ ನಾನೂ ರಜಾ ಹಾಕ್ಲಾ? ಬಸ್ ಕೇಳಿದ್ರೆ ಬಸ್ ಕೊಡು.”

ಬಾಡಿಗೆ ಕಾರನ್ನು ಗೊತ್ತುಮಾಡಿದೆವು. ಎರಡು ದಿನ ಸರಿಯಾಗಿ ಬಂತು. ಇಪ್ಪತ್ತೆಂಟನೆಯ ತಾರೀಖು ಚಾಲಕ ಕಡೆಯ ಗಳಿಗೆಯಲ್ಲಿ ಕೈಕೊಟ್ಟ. ಎರಡನೆಯ ತಡ. ಇನ್ನೊಂದಾದರೆ ಪಾಳಿ ಕೈತಪ್ಪುತ್ತಿತ್ತು. ಆ ವಾರದ ಉಳಿದೆರಡು ದಿನ ಇನ್ನೊಂದು ಕಾರು ಹಿಡಿದು ಹೇಗೋ ವೇಳೆಗೆ ತಲುಪಿದಳು. ನನಗೆ ಕೀರ್ತಿರಾಜರ ಮೇಲೆ ಬಂದ ಸಿಟ್ಟನ್ನು ನಾನಿಲ್ಲಿ ಮುಚ್ಚಿಡುವುದಿಲ್ಲ. ಆರು ವರ್ಷದ ಗೆಳೆಯ, ನಮ್ಮ ಮನೆಯಲ್ಲಿ ಎಷ್ಟೋ ಭಾನುವಾರ ಊಟ ಮಾಡಿದವರು, ಫೋನಿನಲ್ಲಿ ಅರ್ಧ ನಿಮಿಷವೂ ಯೋಚಿಸದೆ ಆಗುವುದಿಲ್ಲ ಎಂದುಬಿಟ್ಟಿದ್ದರು.

ಆ ಸಿಟ್ಟಿನಲ್ಲೇ ನಾನು ಅವರ ಉಪನ್ಯಾಸದ ಕರಡನ್ನು ತಿದ್ದಬೇಕಾಗಿ ಬಂತು. ಆಗಸ್ಟ್ ಎರಡು, ಶನಿವಾರ, ಬ್ರಿಕ್‌ಫೀಲ್ಡ್ಸ್‌ನ ದಿನಸಿ ಅಂಗಡಿಯೊಂದರ ಮೇಲಿನ ಸಭಾಂಗಣದಲ್ಲಿ ಅವರ ಮಾತು. ವಿಷಯ ‘ಮೊದಲ ಮಹಾಯುದ್ಧದ ಕಾರಣಗಳು’. ಮಾತು ಕೊಟ್ಟಿದ್ದೆ, ತಿದ್ದಿದೆ. ಹನ್ನೊಂದು ತಿದ್ದುಪಡಿ. ಆಸ್ಟ್ರಿಯದ ಯುವರಾಜನನ್ನು ಕೊಂದ ಪ್ರಿನ್ಸಿಪ್ ಸ್ಯಾಂಡ್‌ವಿಚ್ ತಿನ್ನಲು ಹೋಗಿದ್ದಾಗ ಯುವರಾಜನ ಕಾರು ಎದುರಿಗೆ ಬಂತು ಎಂಬ ಕಟ್ಟುಕಥೆಯನ್ನು ಅವರೂ ಸೇರಿಸಿಕೊಂಡಿದ್ದರು. ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲ, ಹೊಡೆದುಹಾಕಿದೆ. ಹನ್ನೊಂದನೆಯದು ತಿದ್ದುಪಡಿಯಲ್ಲ, ಸೇರ್ಪಡೆ. ಕೊನೆಗೆ ಒಂದು ಪುಟವನ್ನೇ ಬರೆದು ಲಗತ್ತಿಸಿದೆ. ಅವರು ಅದನ್ನು ಓದಿ ಕಟ್ಟಿನ ಅಡಿಗೆ ಸೇರಿಸಿದರು.

ಉಪನ್ಯಾಸಕ್ಕೆ ಇಪ್ಪತ್ತಾರು ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಕಾಂತಮ್ಮ. ಬಾಂಗ್ಸಾರ್‌ನಿಂದ ಬಂದಿದ್ದ ಆಡ್ರಿಯನ್ ಪಿಂಟೊ ಎಂಬ ಮಂಗಳೂರಿನ ಗೃಹಸ್ಥರು ಕೂರುವ ಮೊದಲೇ, ಮಾತಿನ ತುದಿಗೆ ಮಲೇಷ್ಯದವರ ‘ಲಾ’ ಸೇರಿಸಿ, ಕೇಳಿದರು: “ಕೀರ್ತಿ, ಯುದ್ಧ ಎಷ್ಟು ಗಂಟೆಗೆ ಮುಗೀತದೆ? ಕೆಳಗೆ ಸಂಘದ ಇಡ್ಲಿ ಖಾಲಿ ಆಗ್ತದೆ ಲಾ.”

ಕೀರ್ತಿರಾಜರು ಶುರುಮಾಡಿದ್ದು ಬಸ್ಸಿನವರ ಹಾಗೆಯೇ. 1914ರ ಜೂನ್ ಇಪ್ಪತ್ತೆಂಟರಂದು ಸರಾಯೆವೊದಲ್ಲಿ ಬೆಳಗ್ಗೆ ಬಾಂಬು ಬಿದ್ದ ಮೇಲೆ ಯುವರಾಜನ ಕಾರು ಹೋಗುವ ದಾರಿಯನ್ನು ಬದಲಾಯಿಸಿದರು. ಆದರೆ ಅದನ್ನು ಚಾಲಕನಿಗೆ ಯಾರೂ ತಿಳಿಸಲಿಲ್ಲ. ಅವನು ಹಳೆಯ ದಾರಿಗೇ ತಿರುಗಿಸಿದ, ತಪ್ಪೆಂದು ಗೊತ್ತಾಗಿ ನಿಲ್ಲಿಸಿದ. ಪ್ರಿನ್ಸಿಪ್ ಅಲ್ಲಿಯೇ ಇದ್ದ. “ನಮ್ಮ ಡಿಪೊದಲ್ಲಿ ಇಂಥದ್ದಕ್ಕೆ ಮೆಮೊ ಕೊಡ್ತಾರೆ,” ಎಂದಾಗ ಜನ ನಕ್ಕರು. “ಆದ್ರೆ ಒಂದು ಕಾರು ತಪ್ಪು ತಿರುಗಿದ್ದಕ್ಕೆ ನಾಲ್ಕು ವರ್ಷ ಯುದ್ಧ ಆಗೂದಿಲ್ಲ.”

ಆಮೇಲೆ ಒಂದೊಂದಾಗಿ ಕಾರಣಗಳನ್ನಿಟ್ಟರು. 1871ರಲ್ಲಿ ಜರ್ಮನಿ ಕಿತ್ತುಕೊಂಡ ಅಲ್ಸೇಸ್ ಮತ್ತು ಲೊರೇನ್ ಫ್ರಾನ್ಸ್‌ನ ಮನಸ್ಸಿನಲ್ಲಿ ಆರದೆ ಉಳಿದದ್ದು. 1879ರಲ್ಲಿ ಆಸ್ಟ್ರಿಯದೊಡನೆ ಜರ್ಮನಿಯ ಒಪ್ಪಂದ, ಅದಕ್ಕೆದುರಾಗಿ 1894ರ ಹೊತ್ತಿಗೆ ಫ್ರಾನ್ಸ್ ಮತ್ತು ರಷ್ಯಗಳ ಒಪ್ಪಂದ. ಯುದ್ಧನೌಕೆಗಳ ಪೈಪೋಟಿಯಿಂದ ಬ್ರಿಟನ್ ಮತ್ತು ಜರ್ಮನಿ ಒಬ್ಬರನ್ನೊಬ್ಬರು ಶಂಕಿಸಿದ್ದು. 1908ರಲ್ಲಿ ಬಾಸ್ನಿಯವನ್ನು ಆಸ್ಟ್ರಿಯ ನುಂಗಿದ್ದು, ಅದರಿಂದ ಸರ್ಬಿಯ ಕುದಿದದ್ದು. ಇವಿಷ್ಟು ರಾಜಕೀಯ. ಇನ್ನು ಸೈನ್ಯದ ಕಾರಣ ಎಂದವರೇ ಗೋಡೆಗೆ ತಮ್ಮ ಓರೆ ಗೆರೆಗಳ ಹಾಳೆಯನ್ನು ಅಂಟಿಸಿದರು. ಅವರ ಧ್ವನಿ ಬೇರೆಯೇ ಆಯಿತು.

ಎಲ್ಲ ದೊಡ್ಡ ದೇಶಗಳೂ ಸೈನ್ಯವನ್ನು ಗಡಿಗೆ ಸಾಗಿಸಲು ರೈಲು ವೇಳಾಪಟ್ಟಿಯನ್ನು ಕಟ್ಟಿಟ್ಟುಕೊಂಡಿದ್ದವು. ಮೊದಲು ಹೊರಟವನು ಮೊದಲು ತಲುಪುತ್ತಾನೆ. ಆದ್ದರಿಂದ ಎದುರಾಳಿ ಹೊರಟಾನೆಂಬ ಭಯಕ್ಕೇ ಎಲ್ಲರೂ ಹೊರಡಬೇಕು. ರಷ್ಯದ ಚಕ್ರವರ್ತಿ ಜುಲೈ ಇಪ್ಪತ್ತೊಂಬತ್ತರ ಸಂಜೆ ಇಡೀ ಸೈನ್ಯವನ್ನು ಸಜ್ಜುಗೊಳಿಸುವ ಆಜ್ಞೆಯನ್ನು ಹಿಂದೆಗೆದುಕೊಂಡ. ಆಸ್ಟ್ರಿಯದ ಗಡಿಗಷ್ಟೇ ಸೈನ್ಯ ಸಾಕು ಎಂದ. ಅರ್ಧ ಸೈನ್ಯಕ್ಕೆ ಬೇರೆ ಪಟ್ಟಿಯೇ ಇಲ್ಲ, ಇದ್ದ ಪಟ್ಟಿ ಕೆಟ್ಟುಹೋಗುತ್ತದೆ ಎಂದರು ಸೇನಾಧಿಕಾರಿಗಳು. ಮರುದಿನ ಮತ್ತೆ ಸಹಿ ಹಾಕಿದ. ಜರ್ಮನಿಯ ಯೋಜನೆಯೋ, ರಷ್ಯದೊಡನೆ ಜಗಳವಾದರೂ ಮೊದಲು ಬೆಲ್ಜಿಯಂ ಮೂಲಕ ಫ್ರಾನ್ಸ್ ಮೇಲೆ ಬೀಳಬೇಕೆಂಬುದು. ಆಗಸ್ಟ್ ಒಂದರ ಸಂಜೆ, ಫ್ರಾನ್ಸ್ ದೂರ ಉಳಿದೀತು ಎಂಬ ಸುದ್ದಿ ಲಂಡನ್ನಿನಿಂದ ಬಂದಾಗ, ಜರ್ಮನಿಯ ಚಕ್ರವರ್ತಿ ಕೈಸರ್ ತನ್ನ ದಂಡನಾಯಕ ಮೋಲ್ಟ್ಕೆಯನ್ನು ಕರೆದು ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸೆಂದ. ಮೋಲ್ಟ್ಕೆ ಆಗುವುದಿಲ್ಲ ಎಂದ.

“ಅಲ್ಲಿಗೆ ಮುಗೀತು,” ಎಂದು ಕೀರ್ತಿರಾಜರು ಕಾಗದಗಳನ್ನು ಜೋಡಿಸಿಕೊಂಡರು. ನಾನು ಬರೆದುಕೊಟ್ಟ ಪುಟ ಅಡಿಯಲ್ಲೇ ಉಳಿದಿತ್ತು. ಚಪ್ಪಾಳೆಯಾಯಿತು.

ಕಾಂತಮ್ಮ ಕೈಯೆತ್ತಿದಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಕೀರ್ತಿರಾಜು, ಒಂದು ಕೇಳ್ತೀನಿ. ಆ ದಂಡನಾಯಕ ಆಗಲ್ಲ ಅಂದ್ನಲ್ಲ, ಅವನು ಲೆಕ್ಕ ಹಾಕಿ ನೋಡಿ ಹೇಳಿದ್ನಾ? ಇಲ್ಲಾ ಕೇಳಿದ್ ತಕ್ಷಣ ಹಾಗೇ ಹೇಳ್ಬಿಟ್ನಾ?”

ಕೀರ್ತಿರಾಜರು ಜೋಡಿಸಿದ್ದ ಕಾಗದಗಳನ್ನು ಮತ್ತೆ ಬಿಡಿಸಿದರು. ಆಮೇಲೆ ಅಡಿಯ ಪುಟವನ್ನು ಮೇಲಕ್ಕೆ ತೆಗೆದು, ಕನ್ನಡಕ ಸರಿಪಡಿಸಿಕೊಂಡು, ಓದಿದರು. ಜರ್ಮನ್ ಸೈನ್ಯದ ರೈಲು ವಿಭಾಗಕ್ಕೆ ಹಿಂದೆ ಸ್ಟಾಬ್ಸ್ ಎಂಬ ಅಧಿಕಾರಿ ಮುಖ್ಯಸ್ಥನಾಗಿದ್ದ. ಯುದ್ಧ ಮುಗಿದ ಮೇಲೆ, ಮೋಲ್ಟ್ಕೆಯ ಮಾತು ತನ್ನ ವಿಭಾಗಕ್ಕೆ ಅವಮಾನವೆಂದು ಬಗೆದು, ಸೈನ್ಯದ ದೊಡ್ಡ ಭಾಗವನ್ನು ಪೂರ್ವಕ್ಕೆ ತಿರುಗಿಸಬಹುದಿತ್ತೆಂದು ಅವನು ಲೆಕ್ಕಸಹಿತ ವಾದಿಸಿದ. ಅವನ ಲೆಕ್ಕವನ್ನು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಲಂಡನ್ನಿನ ಸುದ್ದಿಯೂ ತಪ್ಪು ತಿಳಿವಳಿಕೆಯಾಗಿತ್ತಾದ್ದರಿಂದ, ರೈಲು ತಿರುಗಿದ್ದರೂ ಯುದ್ಧ ನಿಲ್ಲುತ್ತಿತ್ತೆಂದು ಹೇಳಲಾಗದು.

ಪುಟವನ್ನು ಕೆಳಗಿಟ್ಟರು. “ಹಾಗೇ ಹೇಳಿದ್ದು, ಕಾಂತಕ್ಕ,” ಎಂದರು. “ಲೆಕ್ಕ ಹಾಕಿ ನೋಡ್ಲಿಲ್ಲ.”

ಅದರ ಅರ್ಥ ಸಭೆಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಉಳಿದವರು ಇಡ್ಲಿಗೆ ಇಳಿದರು.

ಮರುದಿನ, ಭಾನುವಾರ, ಹನ್ನೊಂದಕ್ಕೆ ಅವರು ನಮ್ಮ ಮನೆಗೆ ಬಂದರು. ಬಗಲಲ್ಲಿ ಸುರುಳಿ ಸುತ್ತಿದ ಹಾಳೆ. ಮಂಡಿಯೂರಿ ಅದನ್ನು ನೆಲದ ಮೇಲೆ ಹರಡಿದರು. ಈ ಸಲ ಗೆರೆಗಳು ರೈಲಿನವಲ್ಲ.

“ಕಾಂತಕ್ಕ, ಬಾಗಿಲು ಬಿಟ್ಟು ಸ್ಟಾಪಿಗೆ ನಡೀಲಿಕ್ಕೆ ಎಷ್ಟು ನಿಮಿಷ?”

“ಹೋಗೋವಾಗ ನಾಲ್ಕು. ಬರೋವಾಗ ಕೇಳ್ಬೇಡ.”

“ಅಲ್ಲಿ ಇಳಿದು ಕೇಂದ್ರಕ್ಕೆ?”

“ಐದು. ರಸ್ತೆ ದಾಟೋಕೆ ಬಿಟ್ರೆ.”

ಬರೆದುಕೊಂಡರು. ಎರಡು ಗಂಟೆ ಕಾಲ ಬಸ್ಸುಗಳನ್ನು ಮುಂದೆ ಹಿಂದೆ ಸರಿಸಿ ನೋಡಿದರು. ಅವರು ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ. ಒಂದನ್ನು ಎಳೆದರೆ ಹದಿನಾಲ್ಕೂ ಅಲ್ಲಾಡುತ್ತಿದ್ದವು. ಕಾಂತಮ್ಮ ಊಟಕ್ಕೆ ಕರೆದಳು, ಏಳಲಿಲ್ಲ. ಕೊನೆಗೆ ಚೀಲದಿಂದ ಇನ್ನೊಂದು ಹಾಳೆ ತೆಗೆದರು. ಅದು ಖಾಲಿ ಓಟಗಳ ಪಟ್ಟಿ. ಪ್ರಯಾಣಿಕರಿಲ್ಲದೆ ಡಿಪೊದಿಂದ ಮಾರ್ಗದ ಆರಂಭಕ್ಕೆ ಹೋಗುವ ಬಸ್ಸುಗಳು ಅದರಲ್ಲಿರುತ್ತವೆ. ಜನರಿಗೆ ಕೊಡುವ ವೇಳಾಪಟ್ಟಿಯಲ್ಲಿ ಕಾಣುವುದಿಲ್ಲ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಹೊಸ ಕಾರ್ಖಾನೆ ಮಾರ್ಗದ ಬಸ್ಸು ಐದು ಮೂವತ್ತೈದಕ್ಕೆ ಡಿಪೊ ಬಿಟ್ಟು, ಐದು ನಲವತ್ತೆಂಟಕ್ಕೆ ನಮ್ಮ ಸ್ಟಾಪಿನ ಮುಂದೆಯೇ, ಆಮೇಲೆ ಡಯಾಲಿಸಿಸ್ ಕೇಂದ್ರದ ರಸ್ತೆಯಲ್ಲೇ, ಖಾಲಿಯಾಗಿ ಹೋಗುತ್ತಿತ್ತು.

“ಎರಡು ವಾರದಿಂದ ನಿಮ್ಮ ಮನೆ ಎದುರೇ ಹೋಗ್ತಾ ಉಂಟು,” ಎಂದರು ಮೆಲ್ಲಗೆ. “ಬಾಗಿಲು ಮುಚ್ಚಿಕೊಂಡು.”

“ನೀನು ಊಟ ಮಾಡು ಮೊದ್ಲು,” ಎಂದಳು ಕಾಂತಮ್ಮ. “ಆಮೇಲೆ ಬಾಗಿಲು ತೆಗೆಸುವಿಯಂತೆ.”

ಆಗಸ್ಟ್ ನಾಲ್ಕರ ಸೋಮವಾರ ಅವಳು ಅವರ ಕಾರಿನಲ್ಲಿ ಹೋಗಲು ಒಪ್ಪಿದಳು, ಒಂದೇ ದಿನಕ್ಕೆಂಬ ಕರಾರಿನ ಮೇಲೆ. ಅಂದು ಕೀರ್ತಿರಾಜರು ಕಚೇರಿಯಲ್ಲಿ ಮೂರು ಟೇಬಲ್‌ಗಳಿಗೆ ಅಲೆದರು. ಖಾಲಿ ಓಟದಲ್ಲಿ ಜನರನ್ನು ಹತ್ತಿಸಲು ವಿಮೆಯವರ ಅನುಮತಿ ಬೇಕು, ವ್ಯವಸ್ಥಾಪಕರ ಸಹಿ ಬೇಕು, ಚಾಲಕನ ಒಪ್ಪಿಗೆ ಬೇಕು. ಕೆಲಸದ ಕೊನೆಯ ವರ್ಷದಲ್ಲಿ ತಾವೇ ಮಾಡಿದ ಪಟ್ಟಿಯಲ್ಲಿ ತಪ್ಪಿದೆಯೆಂದು ತಾವೇ ಬರೆದುಕೊಡಬೇಕಾಯಿತು. ಬರೆದುಕೊಟ್ಟರು. ಮಂಗಳವಾರ ಮಧ್ಯಾಹ್ನ ಅನುಮತಿ ಬಂತು.

ಬುಧವಾರ ಬೆಳಗ್ಗೆ ನಾನೂ ಕೋಲೂರಿಕೊಂಡು ಸ್ಟಾಪಿನವರೆಗೆ ಹೋದೆ. ಕೀರ್ತಿರಾಜರು ನಮಗಿಂತ ಮೊದಲೇ ಬಂದು, ಗಡಿಯಾರ ನೋಡುತ್ತ ನಿಂತಿದ್ದರು. ಐದು ನಲವತ್ತೆಂಟಾಯಿತು. ಐದು ನಲವತ್ತೊಂಬತ್ತಾಯಿತು. ಅವರ ಮುಖವನ್ನು ನೋಡಲಾಗುತ್ತಿರಲಿಲ್ಲ. ಐದು ಐವತ್ತಕ್ಕೆ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ನಿಂತಿತು, ಬಾಗಿಲು ತೆರೆಯಿತು.

ಕಾಂತಮ್ಮ ಮೆಟ್ಟಿಲು ಹತ್ತಿ ತಿರುಗಿ ನೋಡಿದಳು. “ಎರಡು ನಿಮಿಷ ಲೇಟು. ಬರ್ಕೊಳಪ್ಪಾ.”

ಅವರು ನಿಜವಾಗಿಯೂ ಬರೆದುಕೊಂಡರು. ಬಸ್ಸು ಹೋದ ಮೇಲೆ ನಾವಿಬ್ಬರೂ ಸ್ಟಾಪಿನ ಬೆಂಚಿನಲ್ಲೇ ಕೂತೆವು. ಆರು ಇಪ್ಪತ್ತೇಳಕ್ಕೆ ನನ್ನ ಫೋನಿಗೆ ಕೇಂದ್ರದಿಂದ ಅವಳ ಸಂದೇಶ ಬಂತು. ಒಂದೇ ಪದ: ‘ಕೂತೆ’. ಕೀರ್ತಿರಾಜರಿಗೆ ತೋರಿಸಿದೆ. ಅವರು ಅದನ್ನು ಓದಿ, ಫೋನನ್ನು ನನ್ನ ಕೈಗಿಟ್ಟು, ಕಚೇರಿಗೆ ನಡೆದರು.